"ಹುಲಿ ಕಾಣಿಸ್ತಾ?"

ಸಫಾರಿ ಮುಗಿಸಿ ಬಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ, "ಹುಲಿ ಕಾಣಿಸ್ತಾ?" ಇಲ್ಲ ಎಂದರೆ ಮುಗಿಯಿತು. ಅಯ್ಯೋ ಪಾಪ, ದುಡ್ಡು ದಂಡ ಅನ್ನುವ ನೋಟ.

ಅಲ್ಲಾ ಸ್ವಾಮಿ, ನಾನು ನೋಡಿದ್ದೇನು ಕಮ್ಮಿಯೇ? ದಾರಿ ಬದಿಯಲ್ಲಿ ಒಂದು ಸಗಣಿ ಹುಳ ತನಗಿಂತ ದೊಡ್ಡ ಉಂಡೆಯನ್ನು ಹಿಂಗಾಲಿನಲ್ಲಿ ತಳ್ಳುತ್ತಾ ಹೋಗುತ್ತಿತ್ತು. ಅದು ಉಂಡೆ ಹೂತರೆ ಮಣ್ಣಿಗೆ ಗೊಬ್ಬರ, ಅದರೊಳಗಿನ ಬೀಜಕ್ಕೆ ಹೊಸ ಜಾಗ. ಸ್ವಲ್ಪ ಗಾಡಿ ನಿಲ್ಲಿಸಿ ಅಂದೆ. "ಹುಳ ನೋಡೋಕೆ ಬಂದಿದ್ದೀವಾ?" ಅಂದರು ಹಿಂದಿನ ಸೀಟಿನವರು.

ಅಷ್ಟರಲ್ಲಿ ಜಿಂಕೆಗಳು ಕೂಗಿದವು. ಮರದ ಮೇಲಿಂದ ಮುಸುವವೂ ಕೂಗಿತು. ಅದು ಎಚ್ಚರಿಕೆಯ ಕೂಗು, ಬೇಟೆಗಾರ ಪ್ರಾಣಿ ಹತ್ತಿರದಲ್ಲೇ ಇರಬಹುದು. ಆಗ ಸುಮ್ನೆ ಕೂತು ಕಿವಿಗೊಡಬೇಕು, ಅಲ್ವಾ? ನಮ್ಮ ಗಾಡಿಯಲ್ಲಿ ಮಾತ್ರ ಸಂತೆ. ಒಬ್ಬರ ಶಿಳ್ಳೆ, ಇನ್ನೊಬ್ಬರ ಫೋನಿನ ರಿಂಗು, ಯಾರದೋ ಪೊಟ್ಟಣದ ಪರಪರ. ಹುಲಿಯ ಕಿವಿ ನಮ್ಮದಕ್ಕಿಂತ ಎಷ್ಟೋ ಚುರುಕು. ಬಂದೀತೇ ಅದು?

ಆಮೇಲೆ ಎಲ್ಲಿಂದಲೋ ಸುದ್ದಿ ಬಂತು. ಐದಾರು ಗಾಡಿ ಒಂದೇ ತಿರುವಿಗೆ ನುಗ್ಗಿದವು. ಸಿಕ್ಕಿದ್ದು ಧೂಳು, ಜೊತೆಗೆ ಮಣ್ಣಿನಲ್ಲಿ ಒಂದು ಹೆಜ್ಜೆ ಗುರುತು. ಉಗುರಿನ ಗುರುತು ಇರಲಿಲ್ಲ. ಬೆಕ್ಕಿನ ಜಾತಿ ನೋಡಿ, ನಡೆಯುವಾಗ ಉಗುರು ಒಳಗೆಳೆದುಕೊಂಡಿರುತ್ತದೆ. ನಾನು ಕೈ ಮಾಡಿ ತೋರಿಸುವಷ್ಟರಲ್ಲಿ ಮುಂದಿನ ಗಾಡಿಯ ಚಕ್ರ ಅದರ ಮೇಲೇ ಹತ್ತಿ ಹೋಯಿತು.

ವಾಪಸ್ ಬರುವಾಗ ಹಿಂದಿನ ಸೀಟಿನವರದು ಒಂದೇ ಗೊಣಗಾಟ, "ಏನೂ ಸಿಗಲಿಲ್ಲ."