ಗರಿಕೆಗೆ ಬರ್ಮುಡಾ ತೊಡಿಸಿದ ಕಥೆ

ನಮ್ಮ ಅಪಾರ್ಟ್‌ಮೆಂಟಿನ ಹುಲ್ಲಿಗೆ ಕೊಟೇಶನ್ ಬಂದಿತ್ತು. ಹನ್ನೊಂದು ಪುಟ. ನನ್ನ ಮದುವೆಗೆ ಅಡುಗೆ ಭಟ್ಟರು ಬರೆದುಕೊಟ್ಟ ಪಟ್ಟಿ ಒಂದೂವರೆ ಪುಟ ಇತ್ತು. ಅದರಲ್ಲಿ ಎಂಟುನೂರು ಜನ ಉಂಡು, ಹೋಳಿಗೆ ಕಟ್ಟಿಸಿಕೊಂಡು ಹೋಗಿದ್ದರು.

ಹುಲ್ಲು ಅನ್ನಬಾರದಂತೆ, ಲಾನ್ ಅನ್ನಬೇಕಂತೆ. ನಾಲ್ಕು ಸಾವಿರ ಚದರಡಿ. ಬೆಂಗಳೂರಿನ ಲೆಕ್ಕದಲ್ಲಿ ಮೂರು ಥರ್ಟಿ ಫಾರ್ಟಿ ಸೈಟು, ಮೇಲೊಂದಿಷ್ಟು ಚಿಲ್ಲರೆ. ಅದಕ್ಕೂ ಮೊದಲು ಅದನ್ನು ಪಕ್ಕದ ಹಳ್ಳಿಯ ಮುನಿಯಪ್ಪಣ್ಣ ನೋಡಿಕೊಳ್ಳುತ್ತಿದ್ದ. ಒಂದು ಕುಡುಗೋಲು, ಒಂದು ಚೀಲ, ಒಂದು ಬೀಡಿ ಕಟ್ಟು. ಕೊಯ್ದ ಹುಲ್ಲು ಅವನ ಹಸುವಿಗೆ, ಹಸುವಿನ ಗೊಬ್ಬರ ನಮ್ಮ ಹುಲ್ಲಿಗೆ. ಈ ವ್ಯವಹಾರಕ್ಕೆ ಜಿಎಸ್‌ಟಿ ಬಿಲ್ ಇರಲಿಲ್ಲ. ಆಡಿಟ್‌ನಲ್ಲಿ ಆಕ್ಷೇಪ ಬಂತು. ಮುನಿಯಪ್ಪಣ್ಣ ಹೋದ. ಹಸುವನ್ನು ಯಾರೂ ವಿಚಾರಿಸಲಿಲ್ಲ.

ಆಮೇಲೆ ಕಮಿಟಿ ಮೂರು ಕೊಟೇಶನ್ ತರಿಸಿತು. ಮೊದಲನೆಯವನು ಹತ್ತಿರದ ನರ್ಸರಿಯವನು. ಹಳೇ ಬಿಲ್ಲಿನ ಬೆನ್ನಲ್ಲಿ 'ಕಟಿಂಗು, ಕಳೆ, ಗೊಬ್ಬರ' ಎಂದು ಬರೆದು, ಕೆಳಗೆ ಒಂದು ಮೊತ್ತ ಹಾಕಿ ಗೆರೆ ಎಳೆದಿದ್ದ. ಅವನ ಹತ್ತಿರ ಪವರ್‌ಪಾಯಿಂಟ್ ಇರಲಿಲ್ಲ. ಎರಡನೆಯವನು ಮೀಟಿಂಗಿಗೆ ಚಪ್ಪಲಿ ಬಿಚ್ಚಿ ಬಂದ, ಅಲ್ಲಿಗೇ ಅವನ ಕಥೆ ಮುಗಿಯಿತು. ಮೂರನೆಯವರು ಟೀ ಶರ್ಟಿನ ಮೇಲೆ ಎಲೆಯ ಚಿತ್ರ ಹಾಕಿಕೊಂಡು ನಾಲ್ಕು ಜನ ಬಂದರು. ಒಬ್ಬ ಮಾತಾಡಿದ, ಒಬ್ಬ ಸ್ಲೈಡ್ ಬದಲಿಸಿದ, ಉಳಿದಿಬ್ಬರು ತಲೆ ಆಡಿಸಿದರು. ನಾಲ್ವರಲ್ಲಿ ಒಬ್ಬನ ಉಗುರಲ್ಲೂ ಮಣ್ಣಿರಲಿಲ್ಲ. ಗುತ್ತಿಗೆ ಅವರಿಗೇ ಸಿಕ್ಕಿತು.

ಅವರ ಯೋಜನೆ ಋತುಮಾನಕ್ಕೆ ತಕ್ಕಂತೆ ಇದೆ. ಯಾವ ಊರಿನ ಋತುಮಾನ ಅಂತ ಮಾತ್ರ ಕೇಳಬೇಡಿ. ಸ್ಪ್ರಿಂಗ್ ಪ್ಯಾಕೇಜ್, ಸಮ್ಮರ್ ಪ್ಯಾಕೇಜ್, ಫಾಲ್ ಪ್ಯಾಕೇಜ್, ವಿಂಟರ್ ಪ್ಯಾಕೇಜ್. ನಮ್ಮಮ್ಮ ಪುಟ ತಿರುಗಿಸುತ್ತಾ, "ಫಾಲ್ ಹಾಕೋಕೆ ಇಷ್ಟೊಂದು ದುಡ್ಡಾ? ನಮ್ಮ ಟೈಲರ್ ಸೀರೆಗೆ ಪೀಕೋನೂ ಸೇರಿಸಿ ನೂರೈವತ್ತಕ್ಕೆ ಮಾಡಿಕೊಡ್ತಾನಲ್ಲೋ" ಅಂದರು. ಒಂಬತ್ತನೇ ಪುಟದಲ್ಲಿ, ಹಿಮ ಬೀಳುವ ಮೊದಲು ಹುಲ್ಲನ್ನು ಸಿದ್ಧಗೊಳಿಸುವ ಬಗ್ಗೆ ಒಂದು ಪ್ಯಾರಾ ಇತ್ತು. ಖಜಾಂಚಿಗಳು ಕನ್ನಡಕ ಏರಿಸಿ, "ವೈಟ್‌ಫೀಲ್ಡಿನಲ್ಲಿ ಹಿಮ ಬೀಳುತ್ತಾ?" ಎಂದು ಕೇಳಿದರು. "ಬೀಳಲ್ಲ ಸರ್, ಆದರೆ ಪ್ಯಾಕೇಜಲ್ಲಿ ಇದೆ. ತೆಗೆದರೆ ರೇಟ್ ಜಾಸ್ತಿ ಆಗುತ್ತೆ." ಹೆಸರಲ್ಲೇ ವೈಟ್ ಇರುವ ಊರು, ಯಾವುದಕ್ಕೂ ಇರಲಿ ಅಂತ ಕಮಿಟಿ ಒಪ್ಪಿತು.

ಫಾಲ್ ಅಂದರೆ ಆ ಕಡೆಯವರಿಗೆ ಎಲೆ ಉದುರುವ ಕಾಲ. ನಮ್ಮಲ್ಲಿ ಮರಗಳು ಎಲೆ ಉದುರಿಸುವುದು ಸಂಕ್ರಾಂತಿ, ಶಿವರಾತ್ರಿ ಆಸುಪಾಸು. ಅಷ್ಟರಲ್ಲಿ ಅವರ ಫಾಲ್ ಪ್ಯಾಕೇಜ್ ಮುಗಿದಿರುತ್ತದೆ. ಎಲೆ ಗುಡಿಸುವುದಕ್ಕೆ ಎಕ್ಸ್‌ಟ್ರಾ.

ಕೆಲಸ ಶುರುವಾಯಿತು. ಮುನಿಯಪ್ಪಣ್ಣ ಹುಲ್ಲನ್ನು ಒಂದು ಸಲಕ್ಕೆ ಮೂರನೇ ಒಂದು ಪಾಲಿಗಿಂತ ಜಾಸ್ತಿ ಕೊಯ್ಯುತ್ತಿರಲಿಲ್ಲ. ಬುಡ ಬೋಳಾದರೆ ಬೇರು ಬಿಸಿಲಿಗೆ ಸಾಯುತ್ತದೆ ಅನ್ನುತ್ತಿದ್ದ. ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಬೆಳೆದರೆ ಮಾತ್ರ. ಹೊಸಬರು ಬರುವುದು ತಿಂಗಳಿಗೆರಡು ಸಲ, ಮಳೆಯಿರಲಿ ಬಿಸಿಲಿರಲಿ. ಆದ್ದರಿಂದ ತಿರುಪತಿಯಲ್ಲಿ ಮುಡಿ ಕೊಟ್ಟ ಹಾಗೆ ಮಷಿನ್‌ನಲ್ಲಿ ನುಣ್ಣಗೆ ಬೋಳಿಸಿ ಹೋಗುತ್ತಾರೆ. ಮಷಿನ್ ಸದ್ದಿಗೆ ವರ್ಕ್ ಫ್ರಮ್ ಹೋಮ್‌ನವರೆಲ್ಲ ಮ್ಯೂಟ್. ನಾಲ್ಕು ದಿನಕ್ಕೆ ಹುಲ್ಲು ಹಳದಿ. ಹಳದಿಗೆ ಔಷಧಿ ಇದೆಯಂತೆ. ಯೂರಿಯಾ ಅಂದರೆ ಯಾರೂ ದುಡ್ಡು ಕೊಡಲ್ಲ, ಅದಕ್ಕೇ 'ಗ್ರೀನಿಂಗ್ ಟ್ರೀಟ್‌ಮೆಂಟ್'. ಯೂರಿಯಾ ಬಿದ್ದ ಮೇಲೆ ನೀರು ಬೇಕು.

ನೀರಿನ ವಿಷಯಕ್ಕೆ ಬಂದೆವು.

ನಮ್ಮೂರಿಗೆ ಕಾವೇರಿ ಸುಮ್ಮನೆ ಹರಿದು ಬರುವುದಿಲ್ಲ. ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸುಗಳಲ್ಲಿ ಮತ್ತೆ ಮತ್ತೆ ಎತ್ತಿಸಿಕೊಂಡು, ಸುಮಾರು 100 ಕಿಲೋಮೀಟರ್ ಗುಡ್ಡ ಹತ್ತಿ ಬರುತ್ತಾಳೆ. ಬಂದವಳಿಗೆ ಒಂದು ಲೋಟ ನೀರು ಕೊಡಿ ಅನ್ನುವಷ್ಟು ದಣಿವು. 2024ರ ಮಾರ್ಚಿನಲ್ಲಿ ಬೋರ್‌ವೆಲ್‌ಗಳೆಲ್ಲ ಗಾಳಿ ಉಗುಳಲು ಶುರುಮಾಡಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ಮತ್ತೆ ಸಿಕ್ಕಿಬಿದ್ದರೆ ಇನ್ನೊಂದು 5,000, ಜೊತೆಗೆ ದಿನಕ್ಕೆ 500. ಆಗ ನಮ್ಮ ಕಮಿಟಿ ಕೂತು ಲೆಕ್ಕ ಹಾಕಿತು. ಬೇಸಿಗೆಯಲ್ಲಿ ಈ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ನೀರು ಅಂದರೂ 1,800 ಲೀಟರ್ ದಾಟುತ್ತದೆ. ಮೂರು ದಿನಕ್ಕೊಂದು ಆರು ಸಾವಿರ ಲೀಟರಿನ ಟ್ಯಾಂಕರ್. ಐದು ಕಿಲೋಮೀಟರ್ ಒಳಗಿದ್ದರೆ ಅಂಥ ಟ್ಯಾಂಕರಿಗೆ 600 ರೂಪಾಯಿ ಅಂತ ಜಿಲ್ಲಾಡಳಿತ ದರ ಗೊತ್ತು ಮಾಡಿತ್ತು. ನಮ್ಮ ಟ್ಯಾಂಕರ್‌ನವನ ಮನೆಗೆ ಪೇಪರ್ ಬರುವುದಿಲ್ಲವಂತೆ, ಅವನಿಗೆ ವಿಷಯ ಗೊತ್ತಿರಲಿಲ್ಲ.

ಕೊನೆಗೆ ಬಂದ ತೀರ್ಮಾನ: ನಿವಾಸಿಗಳು ವಾರಕ್ಕೆರಡು ದಿನ ಬಕೆಟ್ ಸ್ನಾನ, ಒಂದು ದಿನ ಪೇಪರ್ ತಟ್ಟೆ ಊಟ. ಎಸ್‌ಟಿಪಿ ನೀರು, ಅಂದರೆ ನಮ್ಮ ಮನೆಗಳ ಕೊಳಚೆಯನ್ನೇ ಶುದ್ಧ ಮಾಡಿದ ನೀರು, ಲಾನಿಗೆ. ಅಂದರೆ ನಾವು ಸ್ನಾನ ಕಡಿಮೆ ಮಾಡಿದಷ್ಟೂ ಹುಲ್ಲಿಗೆ ನೀರು ಕಡಿಮೆ. ಈ ಸೂಕ್ಷ್ಮ ಯಾರಿಗೂ ಹೊಳೆಯಲಿಲ್ಲ. ಎಸ್‌ಟಿಪಿ ನೀರು ಬಿಟ್ಟ ಸಂಜೆ ಆ ಕಡೆ ಕಿಟಕಿ ತೆರೆಯುವ ಹಾಗಿರಲಿಲ್ಲ. ಪ್ಲಾಸ್ಟಿಕ್ ಹುಲ್ಲು ಹಾಸೋಣ ಅಂತ ಬಿ ಬ್ಲಾಕಿನವರು ಸ್ಯಾಂಪಲ್ ತಂದರು. ಮಧ್ಯಾಹ್ನದ ಬಿಸಿಲಿಗೆ ಅದು ದೋಸೆ ಕಾವಲಿ. ಧೂಳು ಕೂತರೆ ಏನು ಮಾಡಬೇಕು ಅಂದರೆ, "ನೀರು ಹಾಕಿ ತೊಳೆಯಬೇಕು" ಅಂದರು.

ಇಷ್ಟಾದರೂ ಆ ಲಾನಿನ ಮೇಲೆ ಯಾರಾದರೂ ಕೂರುತ್ತಾರಾ? 'ಹುಲ್ಲಿನ ಮೇಲೆ ನಡೆಯಬೇಡಿ' ಅಂತ ನಾಲ್ಕು ದಿಕ್ಕಿಗೂ ಬೋರ್ಡು. ಮಕ್ಕಳು ಪಾರ್ಕಿಂಗಿನಲ್ಲಿ ಕ್ರಿಕೆಟ್ ಆಡುತ್ತವೆ.

ಹೋದ ವರ್ಷ ಸರ್ವಿಸ್‌ನವರು ಒಂದು ಗಂಭೀರ ವರದಿ ಕೊಟ್ಟರು. ಲಾನಿನಲ್ಲಿ ಕಳೆ ಹೆಚ್ಚಾಗಿದೆ. ಅದನ್ನು ಬೇರುಸಮೇತ ಕಿತ್ತು, ಬರ್ಮುಡಾ ಗ್ರಾಸ್ ಹಾಸಬೇಕು. ಗಾಲ್ಫ್ ಮೈದಾನಗಳಲ್ಲಿ ಅದನ್ನೇ ಹಾಕುವುದಂತೆ, ಬಿಸಿಲು ತಡೆಯುತ್ತದಂತೆ, ತುಳಿದರೂ ಸಾಯುವುದಿಲ್ಲವಂತೆ. ಕಳೆ ಯಾವುದು ಅಂತ ನೋಡಿದರೆ ಗರಿಕೆ! ನೀರಿಲ್ಲದೆ, ಗೊಬ್ಬರವಿಲ್ಲದೆ, ಪ್ಯಾಕೇಜಿಲ್ಲದೆ ಮೂಲೆಯಲ್ಲಿ ಹಸಿರಾಗಿದ್ದದ್ದು ಅದೊಂದೇ. ಸಸ್ಯಶಾಸ್ತ್ರದ ಪುಸ್ತಕ ತೆಗೆದೆ. ಬರ್ಮುಡಾ ಹುಲ್ಲು: ಸೈನೋಡಾನ್ ಡ್ಯಾಕ್ಟಿಲಾನ್. ಗರಿಕೆ: ಸೈನೋಡಾನ್ ಡ್ಯಾಕ್ಟಿಲಾನ್. ಲಾನಿಗೆ ತಿದ್ದಿದ ತಳಿಗಳ ಎಲೆ ಸ್ವಲ್ಪ ನವಿರಾಗಿರಬಹುದು, ಆದರೆ ಮನೆತನ ಒಂದೇ. ಮನೆಯಲ್ಲಿ ಪಂಚೆ ಉಟ್ಟಿದ್ದವನು ಬರ್ಮುಡಾ ಚಡ್ಡಿ ಹಾಕಿಕೊಂಡು ಬಂದರೆ ಲಿಫ್ಟಿನಲ್ಲಿ ಸೆಲ್ಯೂಟ್ ಹೊಡೀತೀವಿ, ಅಷ್ಟೇ. ಪುಸ್ತಕ ಹಿಡಿದುಕೊಂಡು ಹೋಗಿ ಮೀಟಿಂಗಿನಲ್ಲಿ ಹೇಳಿದೆ. "ಸರ್, ಅದು ಲೋಕಲ್, ಇದು ಚದರಡಿ ಲೆಕ್ಕ" ಅಂದರು. ಕಿತ್ತದ್ದಕ್ಕೆ ಒಂದು ಬಿಲ್ಲು, ಹಾಸಿದ್ದಕ್ಕೆ ಒಂದು ಬಿಲ್ಲು, ಕಳೆ ತುಂಬಿದ ಚೀಲಗಳ ಸಾಗಣೆಗೆ ಇನ್ನೊಂದು.

ಆ ಕೆಲಸ ಮುಗಿದದ್ದು ಗಣೇಶ ಚತುರ್ಥಿಯ ಹಿಂದಿನ ದಿನ. ಕ್ಲಬ್‌ಹೌಸಿನಲ್ಲಿ ಗಣಪತಿ ಕೂತಾಯಿತು, ಎಲ್ಲ ಇದೆ, ಗರಿಕೆ ಇಲ್ಲ. ಆ್ಯಪಿನಲ್ಲಿ ತರಿಸಿದ್ದು ಬಾಡಿ ಒಣಗಿತ್ತು. ನಮ್ಮಮ್ಮ ಪ್ಲಾಸ್ಟಿಕ್ ಕವರ್ ಹಿಡಿದು ಸೀದಾ ಲಾನಿಗೆ ಇಳಿದು ಬಗ್ಗಿದರು. ಸೆಕ್ಯೂರಿಟಿಯವನು ವಿಷಲ್ ಊದಿದ. "ಮೇಡಂ, ಬೋರ್ಡ್ ನೋಡಿ!"

ಸರ್ವಿಸ್‌ನವರ ಕಡೆ ಕಳೆ ಕೀಳಲು ಬಂದಿದ್ದ ರಾಯಚೂರಿನ ಹುಡುಗನೊಬ್ಬ ಗೇಟಿನ ಹತ್ತಿರ ಚೀಲ ಜೋಡಿಸುತ್ತಿದ್ದ. "ಯವ್ವಾ, ಅದು ಬ್ಯಾಡ್ರಿ, ಇಲ್ಲಿ ಬರ್ರಿ. ನಿನ್ನೆ ಕಿತ್ತಿದ್ದು ಚೀಲದಾಗ ಇನ್ನಾ ಹಸರೈತಿ" ಅಂದ. ಚೀಲದ ಬಾಯಿ ಬಿಚ್ಚಿ ಇಬ್ಬರೂ ಕೂತು ಮೂರೆಳೆಯ ಕುಡಿ ಆರಿಸಿದರು. ಇಪ್ಪತ್ತೊಂದು ಸಿಕ್ಕಿತು, ಇನ್ನೂ ಮಿಕ್ಕಿತು. ಏಳುವಾಗ ಅಮ್ಮ ಅವನ ಕೈಗೆ ಇಪ್ಪತ್ತು ರೂಪಾಯಿ ಇಟ್ಟರು. ಅವನು ಬೇಡ ಅಂದ. ಈ ಚೀಲಕ್ಕೆ ಆಗಲೇ ಬಿಲ್ಲಾಗಿದೆಯಂತೆ.