ಕನಸು ಫಿಲ್ಟರ್‌ನಿಂದ ಬರಲ್ಲ ಸ್ವಾಮಿ

ಜಪಾನಿನ ಕಲಾವಿದ ಹಿರೋಶಿಗೆ ಮಾಡಿದ ಓಹಾಶಿ ಸೇತುವೆಯ ಮಳೆ ಚಿತ್ರವನ್ನು (1857, ಮರದ ಹಲಗೆ ಕೆತ್ತಿ ಒತ್ತಿದ ಅಚ್ಚುಚಿತ್ರ) ಇವತ್ತು ಯಾರೋ ಜಾಲತಾಣದಲ್ಲಿ ಹಾಕಿದ್ದಾರೆ. ನೀಲಿಯನ್ನು ಕಣ್ಣು ಕುಕ್ಕುವಷ್ಟು ಏರಿಸಿ, ಮೇಲೊಂದು ಮಂಜಿನ ಫಿಲ್ಟರ್ ಬೇರೆ. ಕೆಳಗೆ ‘ಡ್ರೀಮಿ’ ಅಂತ ಶರಾ. ಅಯ್ಯಾ ಪುಣ್ಯಾತ್ಮ, ಕನಸು ಅಲ್ಲೇ ಇತ್ತು, ನೀನು ಒರೆಸಿ ಹಾಕಿದೆ.

ಮೇಲಂಚಿನ ಕಪ್ಪು ಮೋಡ ಕೆಳಗಿಳಿಯುತ್ತ ಕರಗುತ್ತದಲ್ಲ, ಅದು ಬೊಕಾಶಿ, ಅಂದ್ರೆ ಬಣ್ಣವನ್ನು ಮೆಲ್ಲಗೆ ತೆಳುವಾಗಿಸೋ ಅಚ್ಚಿನ ವಿದ್ಯೆ. ಆ ಕರಗುವಿಕೆಯನ್ನು ಯಾರೂ ಕೆತ್ತಿಲ್ಲ, ಹಲಗೆ ಅಲ್ಲಿ ಸಪಾಟಾಗೇ ಇರುತ್ತೆ. ಬಣ್ಣ ಎಲ್ಲಿ ಮಾಯವಾಗಬೇಕೋ ಅಲ್ಲಿ ಅಚ್ಚಿನವನು ಒದ್ದೆ ಬಟ್ಟೆ ಆಡಿಸ್ತಾನೆ. ಕುದುರೆ ಕೂದಲಿನ ಬ್ರಷ್ಷಿನ ಒಂದು ತುದಿಗಷ್ಟೇ ಬಣ್ಣ, ಜೊತೆಗೆ ಚೂರು ಅಕ್ಕಿ ಅಂಟು, ಅಡ್ಡಡ್ಡ ತೀಡೋದು. ಆಮೇಲೆ ತೇವದ ಕಾಗದವನ್ನು ಕೆಂತೊ ಗುರುತಿಗೆ (ಪ್ರತಿ ಬಣ್ಣವೂ ಸರಿಯಾದ ಜಾಗಕ್ಕೆ ಬೀಳಲೆಂದು ಹಲಗೆಯಲ್ಲಿ ಕೆತ್ತಿದ ಗುರುತು) ಕೂರಿಸಿ, ಬಿದಿರಿನ ಪೊರೆ ಸುತ್ತಿದ ಬಾರೆನ್ ಅನ್ನೋ ದುಂಡನೆಯ ಉಜ್ಜುಗದಿಂದ ಕಾಗದದ ಬೆನ್ನು ಉಜ್ಜೋದು. ನೀರು ಹೆಚ್ಚಾಯ್ತೋ, ಬಣ್ಣ ಹರಿದು ಅಂಚು ಕಟ್ಟುತ್ತೆ. ಅಂಟು ಸಾಲದೇ ಹೋಯ್ತೋ, ಎಳ್ಳು ಚೆಲ್ಲಿದ ಹಾಗೆ ಚುಕ್ಕಿ. ಕಾಗದ ಒಣಗಿತೋ, ಕುಗ್ಗಿ ಮುಂದಿನ ಬಣ್ಣ ಗೆರೆ ತಪ್ಪುತ್ತೆ. ಪ್ರತಿ ಹಾಳೆಗೂ ಇಷ್ಟೂ ಹೊಸದಾಗಿ ಆಗಬೇಕು. ಹಾಗಾಗಿ ಒಂದು ಪ್ರತಿಯ ಮೋಡ ಇನ್ನೊಂದರಂತಿಲ್ಲ. ಕೂಲಿ ಉಳಿಸೋಕೆ ಆಮೇಲಿನ ಪ್ರತಿಗಳಲ್ಲಿ ಬೊಕಾಶಿಯನ್ನೇ ಕೈಬಿಟ್ಟ ಪ್ರಕಾಶಕರೂ ಇದ್ದರು. ಫಿಲ್ಟರ್‌ನವರ ಪೂರ್ವಜರು ಅನ್ನಿ.

‘ಕಲ್ಪನೆ ಕಲಾವಿದನದು, ಉಳಿದದ್ದು ಬರೀ ಕೈಕೆಲಸ’ ಅನ್ನೋರು ಬಂದೇ ಬರ್ತಾರೆ. ಬನ್ನಿ. ಇನ್ನೊಬ್ಬ ಜಪಾನಿ ಅಚ್ಚುಕಲಾವಿದ ಯೋಶಿದಾ ಹಿರೋಶಿಯ 1926ರ ಹಾಯಿದೋಣಿ ಚಿತ್ರಗಳನ್ನು ನೋಡಿ. ಅದೇ ದೋಣಿ, ಅದೇ ಹಲಗೆಗಳು. ಬದಲಾದದ್ದು ಬಣ್ಣ ಹಚ್ಚಿದ ರೀತಿ. ಅಷ್ಟಕ್ಕೇ ಒಂದು ಬೆಳಗು, ಒಂದು ಮಂಜು, ಒಂದು ಸಂಜೆ, ಒಂದು ರಾತ್ರಿ. ಅಚ್ಚಿನ ಕೆಲಸ ಬರೀ ಕೈಕೆಲಸ ಅಂತ ಯೋಶಿದಾಗೆ ಅನಿಸಿದ್ದರೆ ಪಕ್ಕದಲ್ಲೇ ನಿಂತು ಉಸ್ತುವಾರಿ ಮಾಡಿ, ಅಂಚಿನಲ್ಲಿ ‘ಜಿಜುರಿ’ (ತಾನೇ ಅಚ್ಚಿಸಿದ್ದು) ಅನ್ನೋ ಮುದ್ರೆ ಒತ್ತಬೇಕಿರಲಿಲ್ಲ.

ಪ್ರೇಮದ ಚಿತ್ರಕ್ಕೂ ಇದೇ ಗತಿ. ಜಪಾನಿನದೇ ಹಾರುನೊಬು ಅನ್ನೋ ಕಲಾವಿದ 1760ರ ದಶಕದಲ್ಲಿ ಮಾಡಿದ, ಒಂದೇ ಕೊಡೆಯಡಿ ಹಿಮದಲ್ಲಿ ನಡೆಯುವ ಜೋಡಿ ಗೊತ್ತಲ್ಲ, ಅವನ ಉಡುಪು ಕಪ್ಪು, ಅವಳದು ಬಿಳಿ. ಆ ಹಿಮ ಕಾಗದದ್ದೇ ಬಿಳುಪು. ಬಣ್ಣ ಹಚ್ಚದ ಹಲಗೆಯ ಮೇಲೆ ಕಾಗದವನ್ನು ಒತ್ತಿ ಉಬ್ಬು ಎಬ್ಬಿಸೋ ಕರಾಜುರಿ ಕೆಲಸವೂ ಇಂಥ ಅಚ್ಚುಗಳಲ್ಲಿರುತ್ತೆ. ನೇರ ಬೆಳಕಿನ ಸ್ಕ್ಯಾನ್‌ನಲ್ಲಿ ಆ ಉಬ್ಬು ಮಾಯ. ಹಂಚಲೇಬೇಕು ಅಂದ್ರೆ ಓರೆ ಬೆಳಕಲ್ಲಿ ತೆಗೆದ ಫೋಟೋ ಹುಡುಕಿ ಹಂಚಿ, ಬ್ರೈಟ್‌ನೆಸ್ ಮುಟ್ಟಬೇಡಿ.