ಕಿಟ್ ಬಂದರೆ ವಿಮಾನ ಬಂದ ಹಾಗಲ್ಲ

ಮನೆಯ ಗ್ಯಾರೇಜಿನಲ್ಲೇ ನಾಲ್ಕು ಸೀಟಿನ ವಿಮಾನ ಕಟ್ಟಬಹುದು ಅನ್ನೋ ಲೇಖನ ಚೆನ್ನಾಗಿದೆ. ಆದರೆ ಕಿಟ್ ತರಿಸಿ ಭಾಗಗಳನ್ನು ಜೋಡಿಸಿದರೆ ಮುಗೀತು ಅಂತ ಬರೆದಿದ್ದೀರಲ್ಲ, ಅಲ್ಲಿ ನಗು ಬಂತು. ನಾನು ಅಮೆರಿಕದಲ್ಲಿದ್ದಾಗ ಗೆಳೆಯನೊಬ್ಬ ವ್ಯಾನ್ಸ್ ಕಂಪನಿಯ ಆರ್‌ವಿ-10 ಅನ್ನೋ ಇಂಥದ್ದೇ ಕಿಟ್ ವಿಮಾನ ಕಟ್ಟುತ್ತಿದ್ದ. ಎಷ್ಟೋ ಶನಿವಾರ ಅವನ ಗ್ಯಾರೇಜಿನಲ್ಲೇ ಕಳೆದಿದ್ದೇನೆ.

ಎಷ್ಟೋ ಕಡೆ ತಗಡುಗಳನ್ನು ಸೇರಿಸುವ ರಿವಿಟ್ ಮೊಳೆ ಹೊಡೆಯಲು ಇಬ್ಬರು ಬೇಕು. ಅವನು ಹೊರಗಿನಿಂದ ರಿವಿಟ್ ಬಡಿಯುವ ಗನ್ ಹಿಡಿದರೆ, ನಾನು ಬಾಲದೊಳಗೆ ತೂರಿಕೊಂಡು ಅದರ ಇನ್ನೊಂದು ತುದಿಗೆ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ಒಂದು ಸಲ ನನ್ನ ಕೈ ಜಾರಿತು. ಹುಣಸೆ ಬೀಜದಷ್ಟು ಜಾಗ ನೆಗ್ಗಿಹೋಯಿತು. ಅವನು ಏನೂ ಅನ್ನಲಿಲ್ಲ, ಸುಮ್ನೆ ಹೋಗಿ ಕಾಫಿ ತಂದ.

ಆದರೂ ತಗಡಿನ ಕೆಲಸವೇ ವಾಸಿ, ತೂತುಗಳು ಕಂಪನಿಯಿಂದಲೇ ಬಿದ್ದು ಬಂದಿರುತ್ತವೆ. ನಿಜವಾಗಿ ಗೋಳು ಹೊಯ್ದುಕೊಂಡಿದ್ದು ಫೈಬರ್‌ಗ್ಲಾಸಿನ ಛಾವಣಿ ಮತ್ತು ಬಾಗಿಲು. ಉಜ್ಜು, ಇಟ್ಟು ನೋಡು, ಮತ್ತೆ ಉಜ್ಜು. ಮೈಯೆಲ್ಲ ತುರಿಕೆ!

ಅಲ್ಲಿನ ನಿಯಮದಂತೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಮೊದಲ ಸಲ ಹಾರಿದ ಮೇಲೂ ಸಾಮಾನ್ಯವಾಗಿ 25ರಿಂದ 40 ಗಂಟೆ ಪರೀಕ್ಷಾ ಹಾರಾಟ. ಅಲ್ಲಿಯವರೆಗೆ ಹೆಂಡತಿ ಮಕ್ಕಳನ್ನು ಕೂರಿಸುವ ಹಾಗಿಲ್ಲ. 260 ಅಶ್ವಶಕ್ತಿಯ ಎಂಜಿನ್, ನಾಲ್ಕು ಸೀಟು, ಅದರಲ್ಲಿ ಮೂರು ಖಾಲಿ. ಇದನ್ನೂ ಬರೆಯಬೇಕಿತ್ತು ಅಲ್ವಾ?

ಕೊನೆಗೆ ನನ್ನ ಸರದಿ ಬಂದಾಗ ಹತ್ತುವ ಮೊದಲು ಬಾಲದ ಹತ್ತಿರ ಹೋಗಿ ಕೈಯಾಡಿಸಿದೆ. ಬಣ್ಣದಡಿ ಆ ನೆಗ್ಗು ಇನ್ನೂ ಬೆರಳಿಗೆ ಸಿಗುತ್ತಿತ್ತು.